ಬಾಗಿಲವಾಡದ ಸುಣ್ಣ

ನನ್ನ ಮನೆ ಈಗಿರುವ ಜಾಗದಿಂದ ಊರಿನ ಒಲೆಗಳ ಹೊಗೆ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಮೊದಲು ಹೀಗಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಮನೆ ಹಿಟ್ಟಿನ ಗಿರಣಿಗೆ ಅಂಟಿಕೊಂಡಿತ್ತು. ಗಿರಣಿ ಓಡುವಾಗ ಅಡುಗೆಮನೆಯ ತಟ್ಟೆಗಳೆಲ್ಲ ಗಲಗಲ ಅನ್ನುತ್ತಿದ್ದವು. ನನ್ನ ಗಂಡ ಕಂಬಳಿ ನೇಯುತ್ತಿದ್ದ, ನಾನು ಉಣ್ಣೆ ನೂಲುತ್ತಿದ್ದೆ. ಉಣ್ಣೆ ತರುವವರು, ಕಂಬಳಿ ಕೇಳುವವರು, ಏನೂ ಕೆಲಸವಿಲ್ಲದೆ ಎಲೆ ಅಡಿಕೆಗೆ ಕೂರುವವರು, ಹೀಗೆ ಜನ ಬಂದು ಬಂದು ಮನೆ ಊರಿನ ನಡುವಿಗೆ ಸರಿದಿತ್ತು. ಗಂಡ ತೀರಿಹೋದ ಮೇಲೆ ಮಗ್ಗ ನಿಂತಿತು. ಮನೆ ಗಿರಣಿಯನ್ನು ಬಿಟ್ಟು ಮೆಲ್ಲಗೆ ತೆಂಕಲಿಗೆ ಜರುಗಿ ಹುಣಸೆಮರದ ಹತ್ತಿರ ನಿಂತುಕೊಂಡಿತು. ನೂಲು ಕೇಳಿಕೊಂಡು ನಾಲ್ಕು ಹೆಂಗಸರು ಬರುತ್ತಿದ್ದರಲ್ಲ, ಅಷ್ಟಕ್ಕೆ ಅದು ಅಲ್ಲಿಯೇ ಉಳಿಯಿತು. ಅಲ್ಲಿ ನಾನು ಬಹಳ ವರ್ಷ ನೆಮ್ಮದಿಯಾಗಿದ್ದೆ.

ನಮ್ಮೂರಲ್ಲಿ ಮನೆಗಳು ಹಾಗೆಯೇ. ಬಂದವರು ಒಳಗೆ ಕೂತು ನೀರು ಕುಡಿದು ಹೋದರೆ ಮನೆ ಊರಿನ ನಡುವಿನ ಕಡೆಗೆ ಒಂದಿಷ್ಟು ಸರಿಯುತ್ತದೆ. ಯಾರೂ ಬಾರದಿದ್ದರೆ ಹೊರಕ್ಕೆ ಜಾರುತ್ತದೆ. ಸರಿಯುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆಯ ರಂಗೋಲಿಯ ಒಂದು ಎಳೆ ಗೋಡೆಯ ಕೆಳಗೆ ಹೋಗಿರುತ್ತದೆ, ಅಷ್ಟೆ. ಗೋಡೆಯ ಬುಡದಲ್ಲಿ ಯಾರೂ ಗಿಡ ನೆಡುವುದಿಲ್ಲ. ಲೈನ್‌ಮನ್ ಪ್ರತಿ ಕಂಬದಲ್ಲೂ ತಂತಿಯನ್ನು ಸುರುಳಿ ಸುತ್ತಿ ಇಟ್ಟಿರುತ್ತಾನೆ, ಮನೆ ದೂರವಾದಂತೆ ಬೈದುಕೊಂಡೇ ಬಿಚ್ಚಿ ಕೊಡುತ್ತಾನೆ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಕರೆಯಿರಿ ಎನ್ನುವ ಮೊದಲು ಹಿತ್ತಲಿಗೆ ಹೋಗಿ ಗಡಿಕಲ್ಲು ಎಷ್ಟು ದೂರವಿದೆ ಎಂದು ನೋಡಿ ಬರುತ್ತಾರೆ. ಒಂದು ಬೇಸಿಗೆಯಲ್ಲಿ, ಯಾರೂ ಹೋಗದ ದರ್ಜಿ ಚಿತ್ತಯ್ಯನ ಮನೆ ಇದ್ದಕ್ಕಿದ್ದಂತೆ ಒಳಕ್ಕೆ ಸರಿಯತೊಡಗಿತು. ಅವನು ಮಗಳನ್ನು ಎದುರಿಗೆ ಕೂರಿಸಿಕೊಂಡು, ನಾನಿಲ್ಲದಾಗ ಯಾರವ್ವ ಬಂದು ನೀರು ಕುಡಿಯುತ್ತಿರುವುದು ಎಂದು ಕೇಳಿದ. ಅವಳು ಅತ್ತಳು. ಬಳೆಗಾರರ ಹುಡುಗ. ಚಿತ್ತಯ್ಯ ಒಳ್ಳೆಯವನು, ಮದುವೆ ಮಾಡಿಕೊಟ್ಟ.

ಗಡಿಕಲ್ಲುಗಳು ಊರಿನ ಸುತ್ತ ಇವೆ. ರಾಗಿ ಒಕ್ಕಣೆ ಮುಗಿದ ಮೇಲೆ ಒಂದು ದಿನ ಪಂಚಾಯತಿಯವರು ಮಡಕೆಯಲ್ಲಿ ಕೆಮ್ಮಣ್ಣು ಕಲಸಿಕೊಂಡು ಹೊರಡುತ್ತಾರೆ. ಕಲ್ಲಿನ ಒಳಗಿರುವ ಮನೆಗಳ ಬಾಗಿಲ ಪಕ್ಕದಲ್ಲಿ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಾರೆ. ಅದಕ್ಕೆ ಮನೆ ನೋಡುವ ದಿನ ಎನ್ನುತ್ತೇವೆ. ಕಲ್ಲು ದಾಟಿದ ಮನೆಗೆ ಪಟ್ಟೆಯಿಲ್ಲ. ಪಟ್ಟೆಯಿಲ್ಲದ ಮನೆಗೆ ಊರ ನಲ್ಲಿಯ ನೀರಿಲ್ಲ, ಓಟಿಲ್ಲ, ಚಾವಡಿಯಲ್ಲಿ ಮಾತಿಲ್ಲ. ಅದೆಲ್ಲ ಹೇಗೋ ನಡೆಯುತ್ತದೆ. ಆ ಮನೆಯಲ್ಲಿ ಯಾರಾದರೂ ಸತ್ತರೆ ಊರಿನವರು ಹೆಗಲು ಕೊಡುವುದಿಲ್ಲ. ನಮ್ಮಂಥ ವಯಸ್ಸಿನವರಿಗೆ ಭಯವಿದ್ದದ್ದು ಅದೊಂದೇ.

ನಾನು ಹೇಳಹೊರಟದ್ದು ದುರುಗಮ್ಮನ ವಿಷಯ. ಅವಳೂ ನಾನೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ನನಗಿಂತ ಸಣ್ಣವಳು, ನನ್ನನ್ನು ಕಾಟಕ್ಕ ಎನ್ನುತ್ತಾಳೆ, ನಾನು ದುರ್ಗಿ ಎನ್ನುತ್ತೇನೆ. ಬಾಯಿ ಜೋರು. ಎಲೆಗೆ ಸುಣ್ಣ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ಸಿಕ್ಕಿದವರ ಬಾಗಿಲವಾಡಕ್ಕೆ ಒರೆಸುವುದು ಅವಳ ಚಾಳಿ. ಅವಳು ಬಂದು ಹೋದ ಮೇಲೆ ನಾನು ಒದ್ದೆ ಬಟ್ಟೆ ಹಿಡಿದು ಉಜ್ಜುತ್ತಾ, "ಇದೇನು ನಿಮ್ಮಪ್ಪನ ಮನೆ ಬಾಗಿಲೇನೇ?" ಎಂದು ಬೈಯುತ್ತಿದ್ದೆ. ಮಾರನೆಯ ದಿನ ಬೇಕೆಂದೇ ಇನ್ನೂ ಮೇಲಕ್ಕೆ ಒರೆಸುತ್ತಿದ್ದಳು. ಇನ್ನೊಂದು ಚಾಳಿಯೆಂದರೆ ಆಣೆ. ಮಾತಿಗೊಂದು ಆಣೆ ಹಾಕುವಳು. ಆದರೆ ಹಾಕಿದ ಆಣೆಯನ್ನು ಮುರಿದದ್ದನ್ನು ನಾನು ನೋಡಿಲ್ಲ. ಅವಳ ಗಂಡ ಬೋಸಯ್ಯ. ಕಿವಿ ಕೇಳಿಸದು, ಬರುಬರುತ್ತಾ ಎದೆಯ ಕೆಮ್ಮು ಹಿಡಿದು ಹಾಸಿಗೆ ಬಿಟ್ಟು ಏಳದಂತಾಗಿದ್ದ.

ಊರಿನ ಅಧ್ಯಕ್ಷ ಸೂರಯ್ಯ. ಎಲ್ಲರೂ ಒಂದಲ್ಲ ಒಂದು ಕೆಲಸಕ್ಕೆ ಅವನ ಮನೆಗೆ ಹೋಗಿ ನೀರು ಕುಡಿಯುವವರೇ, ಹಾಗಾಗಿ ಅವನ ಮನೆ ಊರಿನ ಹೊಕ್ಕುಳಲ್ಲಿತ್ತು. ನಾಲ್ಕು ಕಡೆಯಿಂದಲೂ ಬೇರೆ ಮನೆಗಳು ಒತ್ತಿಕೊಂಡು ಬಂದು ಅವನಿಗೆ ಕಿಟಕಿ ತೆಗೆಯುವುದಕ್ಕೂ ಜಾಗವಿರಲಿಲ್ಲ. ಹಗಲಲ್ಲೂ ದೀಪ ಹಚ್ಚಿಕೊಂಡು ಕೂರುತ್ತಿದ್ದ. ಅಧ್ಯಕ್ಷರ ಸೀಟು ಹೆಂಗಸರಿಗೆ ಎಂದಾದ ಮೇಲೆ ಅವನ ಹೆಂಡತಿ ಸಾಕಮ್ಮ ಅಧ್ಯಕ್ಷೆಯಾದಳು. ಅವಳನ್ನು ಏನು ಕೇಳಿದರೂ "ಅವರನ್ನ ಕೇಳಿ" ಎಂದು ಒಳಗೆ ಹೋಗುತ್ತಿದ್ದಳು. ಊರ ನಲ್ಲಿಯನ್ನು ವರ್ಷ ವರ್ಷವೂ ಕಿತ್ತು ಸೂರಯ್ಯನ ಮನೆಯ ಹತ್ತಿರ ಹತ್ತಿರಕ್ಕೆ ಹಾಕುತ್ತಾ ಬಂದರು. ಅಂಚಿನ ಮನೆಯವರು ಕೊಡ ಹೊತ್ತು ಊರೆಲ್ಲ ದಾಟಿ ಹೋಗಬೇಕಾಯಿತು.

ಮುಂದಿನ ಚುನಾವಣೆಗೆ ಸಾಕಮ್ಮನ ಎದುರು ದುರುಗಮ್ಮ ನಿಂತಳು. ನಲ್ಲಿಯನ್ನು ಅಂಚಿಗೆ ತರುತ್ತೇನೆ, ಅಷ್ಟೇ ಅವಳ ಮಾತು. ಹೆಂಗಸರು ಗುಂಪು ಗುಂಪಾಗಿ ಅವಳ ಮನೆಗೆ ಹೋದರು. ಕೂತರು, ನೀರು ಕುಡಿದರು, ನಿನಗೇ ಹಾಕುವುದು ಕಣೇ ಎಂದರು. ಅವಳ ಮನೆ ದಿನಕ್ಕಿಷ್ಟು ಸರಿದು ಚುನಾವಣೆಯ ಹೊತ್ತಿಗೆ ಚಾವಡಿಯ ಹತ್ತಿರಕ್ಕೇ ಬಂದು ನಿಂತಿತು. ಗೆದ್ದೆ ಎಂದೇ ತಿಳಿದಿದ್ದಳು. ನಾವೂ ತಿಳಿದಿದ್ದೆವು. ಸೋತಳು. ಸೂರಯ್ಯ ಚಾವಡಿಯ ಕಟ್ಟೆಯ ಮೇಲೆ ಕೂತು ನಗುತ್ತಾ, "ನೀರು ಕುಡ್ದೋರೆಲ್ಲ ಓಟು ಹಾಕ್ತಾರೇನವ್ವ ದುರುಗವ್ವ? ಬಾಯಾರಿಕೆ ಆಗಿತ್ತು, ಕುಡುದ್ರು" ಎಂದ.

ಅವಳು ಬೀದಿಯ ನಡುವೆ ನಿಂತು ಸೆರಗು ಸಿಕ್ಕಿಸಿಕೊಂಡಳು. "ನಮ್ಮನೆ ನೀರು ಕುಡ್ದು ನನ್ ಬಾಯಿಗೆ ಮಣ್ಣು ಹಾಕಿದ್ರಿ. ಕರೆಯೋರು ಬಂದು ಕರೆಯೋಗಂಟ ಈ ಊರಲ್ಲಿ ಒಬ್ರ ಹೊಸಿಲೂ ತುಳಿಯಲ್ಲ, ನಮ್ಮವ್ವನಾಣೆ" ಎಂದು ಕೂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಯಾರೂ ಕರೆಯಲಿಲ್ಲ. ಅವಳ ಮನೆಗೆ ಹೋಗಬೇಡಿ ಎಂದು ಸೂರಯ್ಯ ಯಾರಿಗೂ ಹೇಳಲಿಲ್ಲ, ಡಂಗುರ ಹೊಡೆಸಲಿಲ್ಲ. ನಮ್ಮೂರಲ್ಲಿ ಅದೆಲ್ಲ ಬೇಕಿಲ್ಲ. ಅವಳ ಮನೆಗೆ ಹೋದವರನ್ನು ಕಂಡರೆ ಅವನು ಸ್ವಲ್ಪ ಹೆಚ್ಚಾಗಿ ನಗುತ್ತಿದ್ದ, ಅಷ್ಟೆ. ಜನ ಅರ್ಥ ಮಾಡಿಕೊಂಡರು. ಚಾವಡಿಯ ಹತ್ತಿರವಿದ್ದ ಮನೆ ಬಡಗಲಿಗೆ ಜಾರತೊಡಗಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಹಿತ್ತಲ ಗೋಡೆ ಬಡಗಲ ಗಡಿಕಲ್ಲಿನ ಪಕ್ಕಕ್ಕೆ ಬಂತು.

ಆಗ ನಾನು ಹೋದೆ. ನನ್ನದು ಊರಿನ ತೆಂಕಲ ತುದಿ, ಅವಳದು ಬಡಗಲ ತುದಿ. ಬೆಳಿಗ್ಗೆ ಅಂಬಲಿ ಕುಡಿದು, ಕೈಯಲ್ಲಿ ಉಣ್ಣೆ, ಕದಿರು ಹಿಡಿದುಕೊಂಡು ಹೊರಟೆ. ಬಾಗಿಲು ತೆಗೆದವಳು ನನ್ನ ಮುಖ ನೋಡಿ, "ಬಂದ್ಯಾ? ಓಟು ಯಾರಿಗೆ ಹಾಕಿದ್ದೆ ಹೇಳ್ಬಿಟ್ಟು ಒಳಗೆ ಬಾ" ಎಂದಳು.

"ನಿಂಗೇ ಹಾಕಿದ್ದೆ ಕಣೇ. ಬೇಕಾದ್ರೆ ಆಣೆ ಹಾಕ್ತೀನಿ."

"ನೀ ಆಣೆ ಹಾಕ್ಬ್ಯಾಡ, ನಿಂಗೆ ಅಭ್ಯಾಸ ಇಲ್ಲ" ಎಂದು ನಕ್ಕಳು, ಆಮೇಲೆ ಅತ್ತಳು. ಒಳಗಿನಿಂದ ಬೋಸಯ್ಯ, "ಯಾರೇ ಅದೂ?" ಎಂದು ಕೂಗಿದ.

"ಕಾಟಕ್ಕಾ!" ಎಂದು ಇವಳು ಕಿರುಚಿದಳು.

"ಓಟು ಕೇಳಾಕೆ ಬಂದ್ಲಾ? ಹಾಕ್ತೀವಿ ಅಂತ ಹೇಳು, ಕೂರಿಸಿ ನೀರು ಕೊಡು" ಎಂದ. ಅವನೊಬ್ಬನಿಗೆ ಮಾತ್ರ ಊರು ಮೊದಲಿನ ಹಾಗೇ ಇತ್ತು.

ಅಂದು ಅವಳು ನೀರು ತಂದುಕೊಟ್ಟು ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. "ನಂಗೇನೂ ಇಲ್ಲ ಕಣಕ್ಕ. ನಾನು ಎಲ್ಲಿ ಬಿದ್ರೂ ಮಣ್ಣೇಯ. ಆದ್ರೆ ಇವನು ಈ ಚಳಿ ಕಳೆಯಲ್ಲ ಅನ್ನುಸ್ತದೆ. ಮನೆ ಕಲ್ಲು ದಾಟಿಬಿಟ್ರೆ ಇವನ್ನ ನಾನೊಬ್ಳೆ ಎಂಗೆ ಹೊತ್ಕೊಂಡು ಹೋಗ್ಲಿ?"

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ನಾಲ್ಕು ಹೆಗಲು. ಆ ಮಾತನ್ನು ಕೇಳಿದ ಮೇಲೆ ನಾನು ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಹೋಗಿ ಕೂರುವುದು, ನೂಲುವುದು, ನೀರು ಕುಡಿಯುವುದು, ಬೇಡವಾದರೂ ಕುಡಿಯುವುದು, ಹೊತ್ತು ಮುಳುಗುವಾಗ ಎದ್ದು ಬರುವುದು. ಬರುವಾಗ ಇಬ್ಬರೂ ಹಿತ್ತಲಿಗೆ ಹೋಗಿ ಕಲ್ಲನ್ನು ನೋಡುತ್ತಿದ್ದೆವು. ಮೊದಮೊದಲು ಜಾರುವುದು ನಿಂತಿತು. ಆಮೇಲೆ ಗೋಡೆಗೂ ಕಲ್ಲಿಗೂ ನಡುವೆ ಬೆರಳು ಹೋಗುವಷ್ಟು ಸಂದಿಯಾಯಿತು, ಆಮೇಲೆ ಕೈ ಹೋಗುವಷ್ಟು. ದುರುಗಮ್ಮ ಆ ಸಂದಿಯಲ್ಲಿ ಕೈ ಇಟ್ಟು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು.

ನನ್ನ ಮನೆಯ ಕಡೆ ಏನಾಗುತ್ತಿದೆ ಎಂದು ನಾನು ನೋಡಲಿಲ್ಲ. ನೂಲಿಗೆ ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ನಾನು ಮನೆಯಲ್ಲಿರುವುದಿಲ್ಲವಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ದುರುಗಮ್ಮ ಆಣೆ ಹಾಕಿದವಳು, ಯಾರ ಹೊಸಿಲಿಗೂ ಬರುವಂತಿರಲಿಲ್ಲ. ನಾನೇ ಹೋಗಿ ಕರೆದರಾಯಿತಲ್ಲ ಎಂದು ಕರೆದಿದ್ದೂ ಉಂಟು. "ನೀನು ಕರೆದ್ರೆ ಊರು ಕರೆದಂಗಾ?" ಎಂದಿದ್ದಳು. ಸಂಜೆ ಮನೆಗೆ ಬರುವಾಗ ಹುಣಸೆಮರ ದಾಟಿದ ಮೇಲಿನ ದಾರಿ ಸ್ವಲ್ಪ ಉದ್ದವಾದಂತೆ ಅನ್ನಿಸುತ್ತಿತ್ತು. ನಾನು ಮೊಣಕಾಲಿಗೆ ಬೈದುಕೊಂಡೆ. ಎಣ್ಣೆ ಕಾಯಿಸಿ ತಿಕ್ಕಿಕೊಂಡೆ. ದಾರಿ ಮತ್ತೂ ಉದ್ದವಾಯಿತು, ನಾನು ಎಣ್ಣೆಗೆ ಬೇವಿನ ಸೊಪ್ಪು ಹಾಕಿ ಕಾಯಿಸಿದೆ. ದಿನವೂ ಅವಳ ಹಿತ್ತಲಿನ ಕಲ್ಲನ್ನು ನೋಡುತ್ತಿದ್ದ ನಾನು ನನ್ನ ಕಡೆಯ ಕಲ್ಲು ಎಲ್ಲಿದೆ ಎಂದು ಒಂದು ಸಲವೂ ನೋಡಲಿಲ್ಲ. ಅದು ಜಾಲಿಯ ಪೊದೆಯೊಳಗೆ ಮುಚ್ಚಿಹೋಗಿ ವರ್ಷಗಳಾಗಿದ್ದವು.

ಮನೆ ನೋಡುವ ದಿನ ಬಂತು. ಸೂರಯ್ಯ, ಅವನ ಹಿಂದೆ ಪಂಚಾಯತಿಯವರು, ಅವರ ಹಿಂದೆ ಊರು. ದುರುಗಮ್ಮನ ಹಿತ್ತಲಿನಲ್ಲಿ ಎಲ್ಲರೂ ಬಗ್ಗಿ ನೋಡಿದರು. ಕಲ್ಲಿಗೂ ಗೋಡೆಗೂ ನಡುವೆ ಒಂದು ಮೊರ ಇಡುವಷ್ಟು ಜಾಗವಿತ್ತು. ಸೂರಯ್ಯ ಬಹಳ ಹೊತ್ತು ನೋಡಿ, "ಬಳಿಯಪ್ಪ" ಎಂದ. ಬಾಗಿಲ ಪಕ್ಕ ಕೆಮ್ಮಣ್ಣು ಬಿತ್ತು. ದುರುಗಮ್ಮ ನನ್ನ ಕೈಯನ್ನು ನೋವಾಗುವಷ್ಟು ಹಿಡಿದುಕೊಂಡಳು. ಪಟ್ಟೆ ಬಿದ್ದ ಮೇಲೆ ಪಂಚಾಯತಿಯವರು ಮನೆಯವರನ್ನು ಮುಂದಿನ ಮನೆಗೆ ಕರೆದುಕೊಂಡು ಹೋಗುವುದು ಪದ್ಧತಿ. "ಬಾರವ್ವ" ಎಂದು ಸೂರಯ್ಯ ಅನ್ನಲೇಬೇಕಾಯಿತು. ಕರೆದಂತಾಯಿತು. ಅವಳು ಮಳೆಗಾಲದಿಂದ ತುಳಿಯದಿದ್ದ ಊರವರ ಹೊಸಿಲುಗಳನ್ನು ತುಳಿಯುತ್ತಾ ನಮ್ಮ ಜೊತೆ ನಡೆದಳು, ದಾರಿಯುದ್ದಕ್ಕೂ ಎಲ್ಲರ ಬಾಗಿಲವಾಡಕ್ಕೂ ಸುಣ್ಣ ಒರೆಸಿಕೊಂಡು ಬಂದಳು.

ಹೀಗೆ ಸುತ್ತಿಕೊಂಡು ಹುಣಸೆಮರದ ಹತ್ತಿರ ಬಂದೆವು. ಅಲ್ಲಿ ಮರವಿತ್ತು, ಮನೆ ಇರಲಿಲ್ಲ. ಹಗಲಿನ ಬಿಸಿಲಲ್ಲಿ, ಅಷ್ಟು ಜನರ ಜೊತೆ ನಿಂತು ನೋಡಿದಾಗ ನನಗೂ ಕಂಡಿತು. ಮನೆ ದೂರದಲ್ಲಿ, ಜಾಲಿಯ ಪೊದೆಯಾಚೆ, ಒಂಟಿಯಾಗಿ ನಿಂತಿತ್ತು. ಒಬ್ಬ ಕುಡುಗೋಲಿನಿಂದ ಪೊದೆ ಸವರಿದ. ಒಳಗೆ ಕಲ್ಲು. ನಾವೆಲ್ಲ ಕಲ್ಲಿನ ಈಚೆ, ಮನೆ ಆಚೆ.

ಸೂರಯ್ಯನೇ ಮೆಲ್ಲಗೆ, "ದೊಡ್ಡವ್ವ, ನನ್ಮೇಲೆ ಸಿಟ್ಟು ಮಾಡ್ಕೋಬ್ಯಾಡ. ನಿನ್ ಗಂಡಂಗೆ ಮೊದ್ಲು ಹೆಗ್ಲು ಕೊಟ್ಟೋನು ನಾನು. ಆದ್ರೆ ಕಲ್ಲು ಕಲ್ಲೇ" ಎಂದ. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ದುರುಗಮ್ಮ ಮುಂದೆ ಬಂದಳು. "ಕಲ್ಲು ಅಂತೆ ಕಲ್ಲು. ನಾಳೆಯಿಂದ ನಾನು ಬಂದು ಕೂತ್ಕೋತೀನಿ ಇವಳ ಮನೇಲಿ. ಯಾರು ತಡೀತೀರೋ ತಡೀರಿ."

"ಅದಕ್ಕೇ ಹೇಳ್ತಿರೋದು" ಎಂದ ಸೂರಯ್ಯ. "ಅವಳು ನಿನ್ನ ಎಳ್ಕೊಂಡು ಬಂದ್ಲು. ನಾಳೆ ನೀನು ಅವಳನ್ನ ಎಳ್ಕೊಂಡು ಬರ್ತೀಯ. ಇಂಗೇ ಎಳೆದಾಡ್ತಿದ್ರೆ ಹಿರೀಕರು ಕಲ್ಲು ಯಾತಕ್ಕೆ ನೆಟ್ರು? ಕಾಟಮ್ಮನ ಮುಖ ನೋಡಲ್ಲ, ಅವಳ ಸಂಗಡ ಮಾತಾಡಲ್ಲ ಅಂತ ಇಲ್ಲೇ ಆಣೆ ಹಾಕು. ಇಲ್ಲಾಂದ್ರೆ ನಿಮ್ಮನೆ ಕೆಮ್ಮಣ್ಣು ಇನ್ನೂ ಹಸಿ ಐತೆ, ಒದ್ದೆ ಬಟ್ಟೆ ಸಾಕು."

ಅವಳು ನನ್ನ ಕಡೆ ತಿರುಗಿದಳು. ಬಡಗಲ ಕಡೆಯಿಂದ ಬೋಸಯ್ಯನ ಕೆಮ್ಮು ಅಲ್ಲಿಯವರೆಗೆ ಕೇಳುವಂತಿರಲಿಲ್ಲ, ಆದರೆ ನಮ್ಮಿಬ್ಬರಿಗೂ ಕೇಳಿಸಿತು. ನಾನೇ ಹೇಳಿದೆ. "ಹಾಕೇ ದುರ್ಗಿ. ಬೋಸಯ್ಯನ್ನ ನೆನಸ್ಕೋ."

"ಕಾಟಕ್ಕನ ಮುಖ ನೋಡಲ್ಲ" ಎಂದಳು. "ಮಾತಾಡ್ಸಲ್ಲ. ನಮ್ಮವ್ವನಾಣೆ." ನೋಡುವುದನ್ನೆಲ್ಲ ಒಂದೇ ಸಲ ನೋಡಿ ಮುಗಿಸುವವಳಂತೆ ನನ್ನನ್ನು ನೋಡಿದಳು. ಆಮೇಲೆ ತಿರುಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಟುಹೋದಳು. ನಾನು ಕಲ್ಲು ದಾಟಿ ಮನೆಗೆ ಬಂದೆ.

ಎರಡು ದಿನ ಬಿಟ್ಟು ಲೈನ್‌ಮನ್ ಬಂದ. ತಂತಿ ಬಿಚ್ಚಿ ಸುತ್ತಿಕೊಳ್ಳುತ್ತಾ, "ಅಜ್ಜಿ, ನಿಮ್ಮನೇಲಿ ನೀರು ಕುಡಿಯಂಗಿಲ್ಲ ನಾನು. ತಪ್ಪು ತಿಳ್ಕೋಬ್ಯಾಡ" ಎಂದ.

"ಕುಡೀಬ್ಯಾಡಪ್ಪ. ಒಂಚೂರು ನಿಂತ್ಕೊ" ಎಂದೆ. ಅವನು ಸುತ್ತಿದ ತಂತಿಯನ್ನು ಬಿಚ್ಚಿ ಮತ್ತೊಂದು ಸಲ ಸುತ್ತಿದ. ಆಮೇಲೆ ಹೋದ.

ಕಲ್ಲಿನಾಚೆ ಬದುಕುವುದು ಕಷ್ಟವೇನಲ್ಲ. ಕೆರೆ ಏರಿಯ ಕೆಳಗೆ ಒಂದು ಹಳೆಯ ಬಾವಿಯಿದೆ, ನೀರು ಸಿಹಿ. ಕುರಿಯವರು ಹಾದುಹೋಗುವಾಗ ಒಂದಿಷ್ಟು ಉಣ್ಣೆ ಎಸೆದು ಹೋಗುತ್ತಾರೆ, ನೂಲಿಟ್ಟರೆ ರಾಗಿ ಇಟ್ಟು ಒಯ್ಯುತ್ತಾರೆ. ಕಷ್ಟವೆಂದರೆ ಮಾತು. ಇಡೀ ದಿನ ಬಾಯಿ ತೆರೆಯದೆ ಇದ್ದು ಸಂಜೆ ಕೋಳಿಯನ್ನು ಕರೆದರೆ ದನಿ ಬೇರೆ ಯಾರದೋ ಅನ್ನಿಸುತ್ತದೆ. ಮನೆ ಮೆಲ್ಲಮೆಲ್ಲಗೆ ಹಿಂದಕ್ಕೆ ಜಾರುತ್ತಲೇ ಇತ್ತು. ಹಾಗೆಯೇ ಹೋದರೆ ಒಂದು ದಿನ ಕೆರೆ ದಾಟಿ, ಹೊಗೆಯೂ ಕಾಣದ ಕಡೆ ಹೋಗಿ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಹಾಗೆ ಹೋದ ಮನೆಗಳು ಇವೆ. ಅವುಗಳ ಹೆಸರು ಯಾರೂ ಎತ್ತುವುದಿಲ್ಲ.

ಚಳಿ ಮುಗಿಯುವ ಮೊದಲೇ ತಮಟೆಯ ಸದ್ದು ಕೇಳಿಸಿತು. ಸುಡುಗಾಡಿಗೆ ನನ್ನ ಮನೆಯ ಪಕ್ಕದ ದಾರಿಯಲ್ಲೇ ಹೋಗಬೇಕು. ನಾನು ಬಾಗಿಲಲ್ಲಿ ನಿಂತೆ. ಬೋಸಯ್ಯನಿಗೆ ನಾಲ್ಕಲ್ಲ, ಬದಲಾಯಿಸಿಕೊಳ್ಳಲು ಇನ್ನೂ ಹತ್ತಾರು ಹೆಗಲುಗಳಿದ್ದವು. ಮುಂದಿನ ಹೆಗಲು ಸೂರಯ್ಯನದು. ಊರೆಲ್ಲ ಬಂದಿತ್ತು. ದುರುಗಮ್ಮ ಸೆರಗನ್ನು ಮುಖದ ತುಂಬ ಎಳೆದುಕೊಂಡು, ಇಬ್ಬರು ಹೆಂಗಸರ ನಡುವೆ ನಡೆದು ಹೋದಳು. ನನ್ನ ಮನೆಯ ಹತ್ತಿರ ಬಂದಾಗ ಅವಳ ಹೆಜ್ಜೆ ಸ್ವಲ್ಪ ತಡೆಯಿತು. ಆದರೆ ಮುಖ ಎತ್ತಲಿಲ್ಲ. ಆಣೆ ಮುರಿಯಲಿಲ್ಲ. ನಾನು ಅವಳ ಪಾದಗಳನ್ನಷ್ಟೇ ನೋಡಿದೆ. ಅವಳು ಬಯಸಿದ್ದು ಆಯಿತಲ್ಲ ಎಂದು ಒಳಗೆ ಹೋಗಿ ಕದಿರು ಹಿಡಿದು ಕೂತೆ. ಅಂದು ನೂಲು ಹತ್ತು ಕಡೆ ಕಿತ್ತುಹೋಯಿತು.

ಅದಾಗಿ ಯುಗಾದಿ ಕಳೆದಿತ್ತು. ಒಂದು ಬೆಳಿಗ್ಗೆ ಬಾವಿಯಿಂದ ಕೊಡ ಹೊತ್ತು ಬಂದು ಬಾಗಿಲಿಗೆ ಕೈ ಹಾಕಿದವಳು ಹಾಗೇ ನಿಂತೆ. ಬಾಗಿಲವಾಡದ ಮೇಲೆ ಬೆರಳುದ್ದದ ಬಿಳಿಯ ಗೆರೆಯಿತ್ತು. ಮುಟ್ಟಿದೆ. ಹಸಿ ಸುಣ್ಣ, ಬೆರಳಿಗೆ ಅಂಟಿತು. ಒಳಗೆ, ನಾನು ಮುಚ್ಚಿಟ್ಟು ಹೋಗಿದ್ದ ನೀರಿನ ಚೊಂಬು ಚಾಪೆಯ ಪಕ್ಕದಲ್ಲಿತ್ತು. ಅರ್ಧವಾಗಿತ್ತು.

ಮುಖ ನೋಡುವುದಿಲ್ಲ, ಮಾತಾಡಿಸುವುದಿಲ್ಲ ಎಂದಷ್ಟೇ ಅವಳು ಆಣೆ ಹಾಕಿದ್ದು. ಮನೆಗೆ ಬರುವುದಿಲ್ಲ ಎಂದು ಸೂರಯ್ಯ ಹೇಳಿಸಲಿಲ್ಲ. ನಾನಿಲ್ಲದ ಮನೆಗೆ ಯಾರಾದರೂ ಯಾಕೆ ಬರುತ್ತಾರೆ ಎಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ನನಗೂ ಹೊಳೆದಿರಲಿಲ್ಲ. ಆದರೂ ಊರಿನವರ ಕಣ್ಣಿಗೆ ಬಿದ್ದರೆ ಅವಳ ಬಾಗಿಲಿನ ಕೆಮ್ಮಣ್ಣು ಉಳಿಯುವುದಿಲ್ಲ. ಅವಳಿಗೂ ಈಗ ಯಾರಿದ್ದಾರೆ, ಅವಳಿಗೂ ನಾಳೆ ನಾಲ್ಕು ಹೆಗಲು ಬೇಕಲ್ಲ. ಅದೆಲ್ಲ ಗೊತ್ತಿದ್ದೂ ಬಂದಿದ್ದಾಳೆ. ಆ ಗೆರೆಯನ್ನು ನಾನು ಒರೆಸಲಿಲ್ಲ. ಮಾರನೆಯ ದಿನ ಅದರ ಮೇಲೆ ಇನ್ನೊಂದು ಗೆರೆಯಿತ್ತು, ಸ್ವಲ್ಪ ಎತ್ತರಕ್ಕೆ, ಬೇಕೆಂದೇ.

ಮನೆ ಜಾರುವುದು ನಿಂತಿದೆ. ಅಂಗಳದ ರಂಗೋಲಿಯ ಎಳೆ ಮತ್ತೆ ಗೋಡೆಯ ಕೆಳಗೆ ಹೋಗತೊಡಗಿದೆ. ಈ ವರ್ಷದ ಒಕ್ಕಣೆಯ ಹೊತ್ತಿಗೆ ಕಲ್ಲನ್ನು ದಾಟುತ್ತದೋ ಇಲ್ಲವೋ ಹೇಳಲಾರೆ, ಇನ್ನೂ ಬಹಳ ದೂರವಿದೆ. ದಾಟಿದರೂ ಆಣೆ ಆಣೆಯೇ. ಅವಳು ಮುಖ ನೋಡುವುದಿಲ್ಲ.

ಈಗ ನಾನು ಬಾವಿಗೆ ಬೇಗ ಹೊರಡುತ್ತೇನೆ. ಹೊರಡುವ ಮುಂಚೆ ಚಾಪೆ ಹಾಸಿ, ಚೊಂಬು ತುಂಬಿಸಿ, ತಟ್ಟೆಯಲ್ಲಿ ನಾಲ್ಕು ಎಲೆ ಒಂದು ಚೂರು ಅಡಿಕೆ ಇಟ್ಟು ಬಾಗಿಲು ಮುಂದೆ ಮಾಡುತ್ತೇನೆ. ನೀರು ಸೇದಿದ ಮೇಲೆ ಕೆರೆ ಏರಿಯ ಮೇಲೆ ಕೂರುತ್ತೇನೆ. ಬಿಸಿಲೇರಿದರೂ ಕೂರುತ್ತೇನೆ. ನನ್ನ ಮನೆಯಲ್ಲಿ ಈಗ ಯಾರೋ ಕೂತಿದ್ದಾರೆ ಎಂದು ಅಲ್ಲಿಂದ ನೆನೆಯುವುದು ಒಂದು ಸುಖ. ಆ ಹೊತ್ತಿನಲ್ಲಿ ನಾನು ಅಲ್ಲಿರಬಾರದು, ಅಷ್ಟೆ. ವಾಪಸು ಬರುವಾಗ ದೂರದಿಂದಲೇ ಕೆಮ್ಮುತ್ತೇನೆ. ನಿನ್ನೆ ಕೆಮ್ಮಿದ್ದು ತಡವಾಯಿತು. ಬಾಗಿಲು ದಾಟುತ್ತಿದ್ದ ಹಸಿರು ಸೀರೆಯ ಅಂಚು ಕಂಡಿತು. ನಾನು ತಕ್ಷಣ ತಿರುಗಿ, ಕೆರೆಯ ಕಡೆ ಮುಖ ಮಾಡಿ, ತಲೆಯ ಮೇಲೆ ಕೊಡ ಹೊತ್ತುಕೊಂಡೇ ನಿಂತೆ. ಹಿಂದೆ ಒಣಗಿದ ಎಲೆಗಳ ಮೇಲೆ ಹೆಜ್ಜೆಗಳ ಸದ್ದು ಹತ್ತಿರವಾಯಿತು, ನಿಂತಿತು, ಬಹಳ ಹೊತ್ತು ನಿಂತಿತು, ಆಮೇಲೆ ದೂರವಾಯಿತು. ಕುತ್ತಿಗೆ ನೋಯುತ್ತಿತ್ತು. ಮನೆಗೆ ಹೋದರೆ ಚೊಂಬು ಖಾಲಿಯಾಗಿತ್ತು. ತುಂಬಿಸಿಟ್ಟೆ.